ಹದಿನಾರು ಮೆಟ್ಟಿಲು, ಒಂದು ನಂಬರು

ಪೋರ್ಟ್ ಲೂಯಿ ಬಂದರಿನ ಅಂಚಿನಲ್ಲಿ ಕಪ್ಪು ಕಲ್ಲಿನ 16 ಮೆಟ್ಟಿಲುಗಳಿವೆ. ಒಂದೊಂದಾಗಿ ಎಣಿಸಿದೆ. ನಮ್ಮೂರ ಕಲ್ಯಾಣಿಗೆ ಇದಕ್ಕಿಂತ ಹೆಚ್ಚು ಮೆಟ್ಟಿಲಿವೆ. ಆದರೂ ಪಕ್ಕದಲ್ಲಿದ್ದ ಗೆಳತಿ ಚಪ್ಪಲಿ ಬಿಟ್ಟಳು, ನಾನೂ ಬಿಟ್ಟೆ. ಬೆಂಗಳೂರಿನ ಕಾಲೇಜಿನಲ್ಲಿ ಮೂರು ವರ್ಷ ನನ್ನ ಬೆಂಚಿನಲ್ಲೇ ಕೂತ ಮಾರಿಷಸ್ಸಿನ ಹುಡುಗಿ ಅವಳು. ಅವಳ ಅಜ್ಜನ ಅಜ್ಜ ಕಬ್ಬಿನ ಗದ್ದೆಯ ಕೂಲಿಯಾಗಿ ಈ ಮೆಟ್ಟಿಲು ಹತ್ತಿ ಬಂದವನು. ‘ಅವನನ್ನು ಹುಡುಕೋಣ, ಬಾ’ ಎಂದು ಕರೆದಿದ್ದಳು.

ಇದು ಆಪ್ರವಾಸಿ ಘಾಟ್. 1834ರ ನವೆಂಬರ್ 2ರಂದು ‘ಅಟ್ಲಾಸ್’ ಹಡಗು ಕಲ್ಕತ್ತದಿಂದ 36 ಕೂಲಿಗಳನ್ನು ಈ ದ್ವೀಪಕ್ಕೆ ತಂದಿತು. ಗುಲಾಮಗಿರಿ ರದ್ದಾಗುವ ಹೊತ್ತು, ತೋಟದ ಮಾಲೀಕರಿಗೆ ಆಳು ಬೇಕಿತ್ತು. ಮುಂದೆ ಬಂದವರು ಸುಮಾರು ನಾಲ್ಕೂವರೆ ಲಕ್ಷ ಜನ! ಐದು ವರ್ಷದ ಕರಾರು, ಗಂಡಾಳಿಗೆ ತಿಂಗಳಿಗೆ ಐದು ರೂಪಾಯಿ. ಒಂದು ದಿನ ಕೆಲಸ ತಪ್ಪಿದರೆ ಎರಡು ದಿನದ ಕೂಲಿ ಹೋಯಿತು. 1849ರಲ್ಲಿ ಕಟ್ಟಲು ಶುರುಮಾಡಿದ ಇಲ್ಲಿನ ವಲಸೆ ಡಿಪೋದಲ್ಲಿ ಈಗ ಒಂದು ಮೂಲೆ ಮಾತ್ರ ಉಳಿದಿದೆ. ಯುನೆಸ್ಕೊ ಅದನ್ನು 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಬೀದಿ ಬದಿಯಲ್ಲಿ ದಾಲ್ ಪೂರಿ ತಿನ್ನುತ್ತೇವೆ. ಕಡಲೆಬೇಳೆಯಂಥ ಹಳದಿ ಬೇಳೆ ಅರೆದು, ಹೂರಣದ ಹಾಗೆ ಒಳಗಿಟ್ಟು ತೆಳ್ಳಗೆ ಲಟ್ಟಿಸಿದ್ದು. ಕಣ್ಣು ಮುಚ್ಚಿದರೆ ಬೆಲ್ಲ ಮರೆತುಹೋದ ಹೋಳಿಗೆ! ನನ್ನ ನಾಲಿಗೆ ಕೊನೆಯ ತುತ್ತಿನವರೆಗೂ ಬೆಲ್ಲಕ್ಕಾಗಿ ಕಾದೇ ಇತ್ತು.

ಹಳೆಯ ದಾಖಲೆಗಳಿರುವ ಮೋಕಾ ಊರಿಗೆ ಬಸ್ಸು ಏರುದಾರಿಯಲ್ಲಿ ಹೊರಡುತ್ತದೆ. ಹೆಬ್ಬೆರಳಿನಂತೆ ನಿಂತ ಲೆ ಪೂಸ್ ಬೆಟ್ಟ ಒಂದು ಕಡೆ, ಕಬ್ಬು ಇನ್ನೊಂದು ಕಡೆ. ಮಂಡ್ಯದ ಕಡೆಯವರಿಗೆ ಕಬ್ಬು ಹೊಸದೇ? ಆದರೂ ಕಬ್ಬಿನ ತಲೆಯ ಮೇಲಿಂದ ಸಮುದ್ರ ಕಾಣುವುದನ್ನು ನಾನು ಮೊದಲ ಸಲ ನೋಡುತ್ತಿದ್ದೇನೆ. ಬಂದರಿನಲ್ಲಿ ಬೆವರು ಒರೆಸಿಕೊಂಡ ಕರವಸ್ತ್ರವನ್ನೇ ಮೋಕಾದಲ್ಲಿ ಮಳೆಗೆ ತಲೆಯ ಮೇಲೆ ಹಾಕಿಕೊಳ್ಳಬೇಕಾಯಿತು. ಕೊಡೆ ಪೆಟ್ಟಿಗೆಯಲ್ಲಿ ಭದ್ರವಾಗಿತ್ತು, ಪೆಟ್ಟಿಗೆ ಅವಳ ಮನೆಯಲ್ಲಿತ್ತು.

ಇಲ್ಲಿನ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿ ವಲಸೆಯ ದಫ್ತರಗಳಿವೆ. ಬರಿಗೈಯಲ್ಲಿ ಬಂದರೆ ಪ್ರಯೋಜನವಿಲ್ಲ. ಗೆಳತಿ ತನ್ನ ಜನನ ಪತ್ರದಿಂದ ಅಪ್ಪನದಕ್ಕೆ, ಅಪ್ಪನದರಿಂದ ಅಜ್ಜನದಕ್ಕೆ, ಅಲ್ಲಿಂದ ಮುತ್ತಜ್ಜನ ಮದುವೆ ಪತ್ರಕ್ಕೆ ಹೆಜ್ಜೆ ಹೆಜ್ಜೆಯಾಗಿ ಹಿಂದೆ ಹೋಗಿದ್ದಳು. ಕಿವಿಗೆ ಬಿದ್ದ ಭೋಜಪುರಿ ಹೆಸರನ್ನು ಗುಮಾಸ್ತರು ಫ್ರೆಂಚ್ ಕಾಗುಣಿತದಲ್ಲಿ ಬರೆದುಕೊಂಡ ನಾಡು ಇದು. ಅವಳ ಮನೆತನದ ಹೆಸರು ಮೂರು ಪತ್ರಗಳಲ್ಲಿ ಮೂರು ಬಗೆ! ಒಂದು ಅಕ್ಷರದ ವ್ಯತ್ಯಾಸಕ್ಕೆ ಒಂದು ಕಚೇರಿ ಅವಳನ್ನು ನಾಲ್ಕು ಸಲ ಓಡಾಡಿಸಿತ್ತಂತೆ. ನಮ್ಮ ತಾಲ್ಲೂಕು ಕಚೇರಿಯ ಪಹಣಿ ತಿದ್ದುಪಡಿ ನೆನಪಾಗಿ ಇಬ್ಬರೂ ನಕ್ಕೆವು. ಕಡೆಗೆ ಕೈಹಿಡಿದದ್ದು ಆ ಮದುವೆ ಪತ್ರದ ಮೂಲೆಯಲ್ಲಿದ್ದ ವಲಸೆ ನಂಬರು. ಹೆಸರು ಎಷ್ಟು ಸಲ ಕೆಟ್ಟರೂ ನಂಬರು ಕೆಟ್ಟಿರಲಿಲ್ಲ.

ಸಾಲಿನಲ್ಲಿ ನಮ್ಮ ಮುಂದೆ ಇನ್ನೂ ಹಲವರಿದ್ದಾರೆ, ಕಾರ್ಡಿಗಾಗಿ ಪೂರ್ವಜರ ದಾಖಲೆ ಹುಡುಕುವವರು. ಭಾರತ ಮೂಲದ ಮಾರಿಷಸ್ಸಿನವರಿಗೆ ಏಳನೇ ತಲೆಮಾರಿನವರೆಗೂ ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡು ಸಿಗುವುದಾಗಿ ರಾಷ್ಟ್ರಪತಿ ದ್ರೌಪದಿ ಮುರ್ಮು 2024ರ ಮಾರ್ಚಿನಲ್ಲಿ ಇಲ್ಲಿಗೆ ಬಂದಾಗ ಸಾರಿದರು. ಆದರೆ ಗೆಳತಿಗೆ ಕಾರ್ಡು ಬೇಕಿಲ್ಲ, ಊರಿನ ಹೆಸರು ಬೇಕು.

ವಿವರ ಸಿಕ್ಕಿತು. ಒಂದೇ ಸಾಲು. ಹೆಸರು, ತಂದೆಯ ಹೆಸರು, ವಯಸ್ಸು 22, ಜಾತಿ, ಎತ್ತರ, ಎಡ ಮೊಣಕೈ ಮೇಲೆ ಗಾಯದ ಗುರುತು, ಬಂದ ಹಡಗು, ಹಂಚಿಕೆಯಾದ ತೋಟ. ಜಿಲ್ಲೆ: ಆರಾ, ಈಗಿನ ಬಿಹಾರದ್ದು. ಅದರ ಮುಂದೆ ಪರಗಣ, ಆಮೇಲೆ ಊರು. ಗೆಳತಿ ಊರಿನ ಹೆಸರನ್ನು ಮೆಲ್ಲಗೆ, ಮೂರು ಸಲ ಓದಿದಳು.

ಜೊತೆಗೆ ಫೋಟೋ! ಕೂದಲು ಹಿಂದಕ್ಕೆ ಬಾಚಿದ, ಕ್ಯಾಮೆರಾವನ್ನೇ ದಿಟ್ಟಿಸುವ ಒಬ್ಬ ಹುಡುಗ. ಕರಾರು ಮುಗಿಸಿದ ಕೂಲಿಗಳು ಎಲ್ಲೆಂದರಲ್ಲಿ ಅಲೆದರೆ ಹಿಡಿಯಲೆಂದು 1867ರ ಕಾನೂನು ಫೋಟೋ ಅಂಟಿಸಿದ ಚೀಟಿಯನ್ನು ಕಡ್ಡಾಯ ಮಾಡಿತ್ತು. ಚೀಟಿ ಇಲ್ಲದೆ ರಸ್ತೆಯಲ್ಲಿ ಸಿಕ್ಕರೆ ಸೆರೆ. ಹಿಡಿದು ತರಲು ತೆಗೆದ ಆ ಮುಖವನ್ನು ಗೆಳತಿ ಈಗ ನೋಡುತ್ತಿದ್ದಾಳೆ. ‘ನಮ್ಮಪ್ಪನ ಕಿವಿ’ ಎಂದವಳೇ ಅತ್ತಳು.

ನನಗೂ ಗಂಟಲು ಕಟ್ಟಿತು, ಬೇರೆ ಕಾರಣಕ್ಕೆ. ನನ್ನ ಅಜ್ಜನ ಅಜ್ಜನೂ ಅದೇ ಕಾಲದವನು. ಊರು ಬಿಡದೆ, ಯಾರ ಕರಾರಿಗೂ ಹೆಬ್ಬೆಟ್ಟು ಒತ್ತದೆ ರಾಗಿ ಬೆಳೆದವನು. ಅವನ ಎತ್ತರ ಗೊತ್ತಿಲ್ಲ, ಗಾಯದ ಗುರುತು ಗೊತ್ತಿಲ್ಲ, ಫೋಟೋದ ಮಾತೇ ಇಲ್ಲ. ಕಟ್ಟಿಹಾಕಲ್ಪಟ್ಟವನನ್ನು ಸರ್ಕಾರ ಅಂಗುಲ ಅಂಗುಲ ಅಳೆದು ಬರೆದಿಟ್ಟಿದೆ. ನಮ್ಮವನಿಗೆ ಇದ್ದ ದಫ್ತರವೆಂದರೆ ಹೆಳವರು. ಕೆಲವು ವರ್ಷಗಳಿಗೊಮ್ಮೆ ಎತ್ತಿನೊಂದಿಗೆ ಬಂದು, ಜಗುಲಿಯಲ್ಲಿ ಕೂತು ವಂಶದ ಹೆಸರುಗಳನ್ನು ಒಂದೇ ಉಸಿರಿಗೆ ಹೇಳಿಹೋಗುವವರು. ಬಾಲ್ಯದಲ್ಲಿ ನಾನು ಎತ್ತಿನ ಕೊರಳ ಗಂಟೆ ನೋಡುತ್ತ ಕೂತೆ, ಹೆಸರು ಕೇಳಿಸಿಕೊಳ್ಳಲಿಲ್ಲ.

ಸಂಜೆ ಗೆಳತಿಯ ಅಜ್ಜಿಯ ಮನೆ. ಅಂಗಳದ ಮೂಲೆಯಲ್ಲಿ ಹನುಮನ ಗುಡಿ, ಕೆಂಪು ಬಾವುಟ. ಅಜ್ಜಿಗೆ ಕ್ರಿಯೋಲ್ ಮತ್ತು ಭೋಜಪುರಿ ಬರುತ್ತದೆ, ನನಗೆ ಎರಡೂ ಬಾರದು. ಫೋಟೋದ ಪ್ರತಿಯನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಒರೆಸುತ್ತಾರೆ. ಮಳೆಹನಿ ಅದರ ಮೇಲೆ ಬಿದ್ದಿರಲಿಲ್ಲ.

ಊರಿಗೆ ಮರಳಿದ ವಾರವೇ ಅಮ್ಮನ ಪಕ್ಕ ಕೂತು ಹೆಸರು ಬರೆದುಕೊಂಡೆ. ನಾಲ್ಕು ತಲೆಮಾರು ಸಿಕ್ಕಿತು. ಐದನೆಯದು ಹೆಳವರ ಬಾಯಲ್ಲಿದೆ, ಕಾಯುತ್ತಿದ್ದೇನೆ. ನಿಮ್ಮ ಬಾಗಿಲಿಗೆ ಅವರು ಬಂದರೆ ಕಳಿಸಿಬಿಡಬೇಡಿ. ಒಂದು ಸೇರು ರಾಗಿ ಕೊಟ್ಟು, ಕೂರಿಸಿ, ಹೇಳಿದ್ದನ್ನೆಲ್ಲ ಬರೆದುಕೊಳ್ಳಿ.