ಬೆಳಗೊಳದ ಕಲ್ಲಿನಲ್ಲಿ ನಮ್ಮ ಎರಡು ಹೆಸರು

ಪೋಸ್ಟ್ ಸ್ವಲ್ಪ ಉದ್ದ ಇದೆ, ಬಿಡುವು ಮಾಡಿಕೊಂಡು ಓದಿ.

ಶ್ರವಣಬೆಳಗೊಳ ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನದೇ. ಪಟ್ಟಣದಿಂದ ಹನ್ನೆರಡು ಹದಿಮೂರು ಕಿಲೋಮೀಟರ್. ದೇಶವಿದೇಶದವರು ಬಂದು ನೋಡಿ ಹೋಗ್ತಾರೆ. ಆದರೆ ಅಲ್ಲಿನ ಒಂದು ಕಲ್ಲಿನಲ್ಲಿ ನಮ್ಮ ಜನರ ಹೆಸರೂ ಇದೆ ಅಂತ ನಮ್ಮ ಹಟ್ಟಿಯಲ್ಲಿ ಯಾರೂ ಹೇಳಿದ್ದನ್ನ ನಾನು ಕೇಳಿರಲಿಲ್ಲ. ಹೇಳಿದ್ದು ನನ್ನ ಮಗಳು. ಡಿಗ್ರಿಯಲ್ಲಿ ಇತಿಹಾಸ ಓದ್ತಾಳೆ. ಹೋದ ಭಾನುವಾರ ಅವಳು, ನಾನು, ನನ್ನ ಹಳೇ ಗೆಳೆಯ ಮೂವರೂ ಅವನ ಆಟೋದಲ್ಲೇ ಹೊರಟೆವು. ನಾನು ಹೊಲೆಯರ ಕೇರಿಯವನು, ಅವನು ಮಾದಿಗರ ಕೇರಿಯವನು. ಇದನ್ನ ಯಾಕೆ ಹೇಳ್ತಿದ್ದೀನಿ ಅಂತ ಮುಂದೆ ಗೊತ್ತಾಗುತ್ತೆ.

ಮೊದಲು ಚಿಕ್ಕಬೆಟ್ಟ ಹತ್ತಿದೆವು. ಪುಸ್ತಕದಲ್ಲಿ ಚಂದ್ರಗಿರಿ ಅಂತಾರೆ. ಎಲ್ಲರೂ ಗೊಮ್ಮಟನ ಕಡೆ ಓಡೋದರಿಂದ ಇಲ್ಲಿ ಜನ ಕಮ್ಮಿ. ಬಂಡೆಯ ಮೇಲೆಲ್ಲಾ ಹಳಗನ್ನಡದ ಅಕ್ಷರ. ಅತ್ಯಂತ ಹಳೆಯದು ಕ್ರಿ.ಶ. 600ರ ಸುಮಾರಿನದು. ಉಜ್ಜಯಿನಿಯಲ್ಲಿ ಹನ್ನೆರಡು ವರ್ಷದ ಬರ ಬರುತ್ತೆ ಅಂತ ಮುನಿಗಳ ಸಂಘ ದಕ್ಷಿಣಕ್ಕೆ ನಡೆದು ಬಂದ ಕತೆ ಅದರಲ್ಲಿದೆ. ಅಂದರೆ ಈ ಬೆಟ್ಟದ ಮೊದಲ ಬರಹವೇ ಹಸಿವಿನ ಬಗ್ಗೆ.

ಆಮೇಲಿನ ಎಷ್ಟೋ ಶಾಸನಗಳು ಸಲ್ಲೇಖನದ್ದು. ಅನ್ನ ನೀರು ಬಿಟ್ಟು ಪ್ರಾಣ ಬಿಟ್ಟವರ ನೆನಪಿನ ಕಲ್ಲುಗಳು. ವಿಷ್ಣುವರ್ಧನನ ರಾಣಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಮಗಳು ಹೋದ ಮೇಲೆ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಒಂದು ತಿಂಗಳು ಉಪವಾಸವಿದ್ದು ಸತ್ತಳು. ಅದೂ ಕಲ್ಲಿನಲ್ಲಿದೆ. ನಾನು ಆ ವ್ರತವನ್ನ ಹೀಗಳೆಯಲ್ಲ. ಜೀವ ಬಿಡೋವಾಗಲೂ ಯಾರಿಗೂ ನೋವು ಕೊಡಬಾರದು ಅಂದುಕೊಂಡವರಿಗೆ ಕೈ ಮುಗಿಯಬೇಕು. ಆದರೆ ಕೆಳಗಿಳಿಯುವಾಗ ಇನ್ನೊಂದು ಲೆಕ್ಕ ತಲೆಯಲ್ಲಿ ಕೊರೀತಿತ್ತು.

1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ 50 ಲಕ್ಷ ದಾಟಿದ್ದರು. 1881ಕ್ಕೆ ಸುಮಾರು 42 ಲಕ್ಷಕ್ಕೆ ಇಳಿದರು. ನಡುವೆ ಬಂದದ್ದು 1876–78ರ ಬರ. ಧಾತು ಸಂವತ್ಸರ, ಈಶ್ವರ ಸಂವತ್ಸರ, ಎರಡೂ ಸೇರಿಸಿ ಹಿರಿಯರು ಧಾತು ಈಶ್ವರದ ಬರ ಅಂತಿದ್ದರು. ಭೂಮಿ ಇಲ್ಲದವರು, ಕೂಲಿಯವರು, ಜೀತದವರು ಮೊದಲು ಹೋದರು. ಅಷ್ಟೂ ಜನಕ್ಕೆ ಒಬ್ಬೊಬ್ಬರ ಹೆಸರಿನ ಕಲ್ಲು ಎಲ್ಲಿದೆ? ಊಟ ಇದ್ದು ಬಿಟ್ಟವರ ಹೆಸರು ಬಂಡೆಯ ಮೇಲಿದೆ, ಊಟ ಇಲ್ಲದೆ ಸತ್ತವರದ್ದು ಅಂಕಿಯಾಗಿ ಉಳೀತು.

ನಮ್ಮ ತಾತ ಹೇಳ್ತಿದ್ದ ಹಗೇವಿನ ಮಾತು ನೆನಪಾಯ್ತು. ರಾಗಿಯನ್ನ ನೆಲದಡಿಯ ಗುಂಡಿಯಲ್ಲಿ ತುಂಬಿ ಮುಚ್ಚಿಟ್ಟರೆ ವರ್ಷಗಟ್ಟಲೆ ಹುಳ ಹಿಡಿಯಲ್ಲ. ತೆಗೆಯುವಾಗ ಒಳಗೆ ಕೆಟ್ಟ ಗಾಳಿ ಇರುತ್ತೆ. ದೀಪ ಇಳಿಬಿಟ್ಟು ಆರುತ್ತಾ ನೋಡಿ ಆಮೇಲೆ ಮನುಷ್ಯನನ್ನ ಇಳಿಸ್ತಿದ್ದರು. ಇಳಿಯುತ್ತಿದ್ದವನು ನಮ್ಮ ತಾತ. ರಾಗಿ ಹೊಲದ ಒಡೆಯರದ್ದು, ಉಸಿರು ನಮ್ಮದು. ಹಗೇವು ತೋಡಿದ ಕೈ, ಅದರೊಳಗೆ ಇಳಿದ ಕಾಲು ಯಾರದು ಅಂತಲೂ ಇತಿಹಾಸದವರು ಬರೆಯಬೇಕು.

ದೊಡ್ಡಬೆಟ್ಟದ ಮೇಲೆ ಗೊಮ್ಮಟನನ್ನ ನೋಡಿದೆವು. ಚಾವುಂಡರಾಯ 981ರ ಹೊತ್ತಿಗೆ ಮಾಡಿಸಿದ್ದು, 58 ಅಡಿ. ಅವನ ಎದುರಿಗೆ ಬಾಗಿಲಾಚೆ ನಿಂತಿದ್ದಾಳೆ ಗುಳ್ಳಕಾಯಜ್ಜಿ. ಕತೆ ನಿಮಗೂ ಗೊತ್ತಿರುತ್ತೆ. ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿಸಿದರೂ ಮೂರ್ತಿ ಪೂರ್ತಿ ನೆನೆಯಲಿಲ್ಲ. ಬಡ ಅಜ್ಜಿ ಒಂದು ಗುಳ್ಳಕಾಯಿ ಚಿಪ್ಪಿನಲ್ಲಿ ತಂದ ಹಾಲು ತಲೆಯಿಂದ ಕಾಲಿನವರೆಗೂ ಹರಿದು ಕೆಳಗೆ ಹೊಳೆಯಾಯ್ತು. ಕತೆ ಅಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಅವಳು ಅಜ್ಜಿ ಅಲ್ಲ, ವೇಷ ಹಾಕಿ ಬಂದ ಕೂಷ್ಮಾಂಡಿನಿ ದೇವಿ ಅಂತ ಬಾಲ ಸೇರಿಸಿದರು.

"ಬಡವಿ ದೊಡ್ಡ ಕೆಲಸ ಮಾಡಿದ್ರೆ ತಡೆಯಕ್ಕಾಗಲ್ಲ ಕಣಣ್ಣ, ತಕ್ಷಣ ದೇವರು ಮಾಡ್ಬಿಡ್ತಾರೆ" ಅಂದ ಗೆಳೆಯ.

ಈಗ ಮುಖ್ಯ ವಿಷಯ. ಊರೊಳಗೆ ಭಂಡಾರಿ ಬಸದಿ ಇದೆ. ಹೊಯ್ಸಳ ನರಸಿಂಹನ ಭಂಡಾರಿ ಹುಳ್ಳ 1159ರಲ್ಲಿ ಕಟ್ಟಿಸಿದ್ದು. ಅಲ್ಲಿ ವಿಜಯನಗರದ ಬುಕ್ಕರಾಯನ 1368ರ ಶಾಸನ ಇದೆ. ಜೈನರಿಗೂ ಶ್ರೀವೈಷ್ಣವರಿಗೂ ಜಗಳವಾಗಿ, ನಮಗೆ ಅನ್ಯಾಯ ಆಗಿದೆ ಅಂತ ಜೈನರು ರಾಜನ ಹತ್ತಿರ ಹೋದರು. ರಾಜ ಜೈನರ ಕೈಯನ್ನ ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಕ್ಕೂ ಭೇದವಿಲ್ಲ ಅಂತ ತೀರ್ಮಾನ ಕೊಟ್ಟ. ಬೆಳಗೊಳದ ದೇವರಿಗೆ ಇಪ್ಪತ್ತು ಜನ ಕಾವಲಿನವರನ್ನ ಇಡೋದು, ಅದಕ್ಕೆ ಜೈನರ ಮನೆಗೆ ಒಂದು ಹಣ ಅಂತಲೂ ಗೊತ್ತಾಯ್ತು. ಇಷ್ಟು ಶಾಲೆ ಪಾಠದಲ್ಲೇ ಕೇಳಿದ್ದೆ.

ಕೇಳದೆ ಇದ್ದದ್ದು ಒಂದೇ ಸಾಲು. ಆ ಕಲ್ಲಿನ ಅಕ್ಷರ ನಮಗೆ ಓದಲು ಬರಲ್ಲ. ಮಗಳು ಮೊಬೈಲಿನಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಪಾಠ ತೆಗೆದು ಬೆರಳಿಟ್ಟು ಓದಿದಳು. ಒಪ್ಪಂದಕ್ಕೆ ಬಂದ ಹದಿನೆಂಟು ನಾಡಿನ ಶ್ರೀವೈಷ್ಣವರ ಪಟ್ಟಿ ಅದು. ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆಯ ಆಚಾರ್ಯರಿಂದ ಶುರುವಾಗಿ ಕೊನೆಗೆ ಬರುತ್ತೆ: ತಿರುಕುಲ, ಜಾಂಬವಕುಲ. ತಿರುಕುಲ ಅಂದರೆ ಹೊಲೆಯರು, ಜಾಂಬವಕುಲ ಅಂದರೆ ಮಾದಿಗರು ಅಂತ ವಿದ್ವಾಂಸರು ಅರ್ಥ ಮಾಡಿದ್ದಾರೆ. ಪಕ್ಕಪಕ್ಕದಲ್ಲಿ, ನಡುವೆ ಬೇರೆ ಯಾರೂ ಇಲ್ಲ.

"ಚಿಕ್ಕಪ್ಪಾ, ನೀವಿಬ್ರೂ ಒಂದೇ ಸಾಲಲ್ಲಿದ್ದೀರಾ ನೋಡಿ" ಅಂದಳು ಮಗಳು. ಗೆಳೆಯ ಮಾತಾಡಲಿಲ್ಲ. ಕಲ್ಲನ್ನೇ ನೋಡ್ತಾ ನಿಂತ.

ಇದನ್ನ ಹಿಡಿದು ಕುಣಿಯೋದು ಬೇಡ. ಆ ಕಲ್ಲು ನಮಗೆ ಭೂಮಿ ಕೊಡಲಿಲ್ಲ, ನೀರು ಕೊಡಲಿಲ್ಲ. ಮೇಲುಕೋಟೆಯಲ್ಲೂ ನಮ್ಮ ಜಿಲ್ಲೆಯ ಬೇಲೂರಿನಲ್ಲೂ ನಮ್ಮವರಿಗೆ ಗುಡಿಯೊಳಗೆ ಬಿಡುತ್ತಿದ್ದದ್ದು ವರ್ಷಕ್ಕೆ ಕೆಲವೇ ದಿನ. ಸಂಖ್ಯೆ ಬೇಕಾದಾಗ ನಮ್ಮನ್ನ ಸೇರಿಸಿಕೊಳ್ಳೋದು, ಊಟದ ಪಂಕ್ತಿಯಲ್ಲಿ ಎಬ್ಬಿಸೋದು ಇವತ್ತಿನ ಕೆಲಸ ಅಲ್ಲ. ನಾನು ಹುಡುಗನಾಗಿದ್ದಾಗ ಊರ ಹೋಟೆಲಿನಲ್ಲಿ ನಮ್ಮ ಲೋಟ ಹೊರಗೆ ಗೂಡಿನಲ್ಲಿರುತ್ತಿತ್ತು. ಕುಡಿದು, ತೊಳೆದು, ಅಲ್ಲೇ ಇಡಬೇಕಿತ್ತು.

ಆದರೂ ಆ ಸಾಲು ನಮಗೆ ಒಂದು ಪ್ರಶ್ನೆ ಕೇಳುತ್ತೆ. 650 ವರ್ಷದ ಹಿಂದೆ ಬರೆಯುವವನಿಗೆ ನಾವು ಅಕ್ಕಪಕ್ಕ ಕಂಡೆವು. ನಮಗೆ ನಾವು ಹಾಗೆ ಕಾಣ್ತೀವಾ? 2025ರ ಮೇ ತಿಂಗಳಲ್ಲಿ ನಾಗಮೋಹನದಾಸ್ ಆಯೋಗದ ಸಮೀಕ್ಷೆಗೆ ಮೇಷ್ಟ್ರುಗಳು ಮನೆಮನೆಗೆ ಬಂದಾಗ ಎಷ್ಟೋ ಮನೆಯಲ್ಲಿ "ಎ.ಕೆ. ಅಂತ ಬರ್ಕೊಳಿ ಸಾರ್" ಅಂದು ಬಾಗಿಲು ಹಾಕಿದರು. ಆಗಸ್ಟ್‌ನಲ್ಲಿ ಸರ್ಕಾರ ಶೇ. 17ನ್ನ ಎಡಗೈಗೆ 6, ಬಲಗೈಗೆ 6, ಉಳಿದವರಿಗೆ 5 ಅಂತ ಹಂಚಿತು. ಪಾಲು ಹಂಚಿಕೆ ನ್ಯಾಯದ ಮಾತು, ಮೂವತ್ತು ವರ್ಷದ ಹೋರಾಟ ಅದರ ಹಿಂದಿದೆ, ನಾನು ಅದರ ಪರ. ಆದರೆ ಆ ನೆಪದಲ್ಲಿ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಒಬ್ಬರಿಗೊಬ್ಬರು ಬೈದ ಬೈಗುಳ ಓದಿದರೆ ಬಾಬಾಸಾಹೇಬರು ತಲೆ ತಗ್ಗಿಸ್ತಿದ್ದರು.

ಮಧ್ಯಾಹ್ನ ಊರಾಚೆ ಮರದ ನೆರಳಲ್ಲಿ ಬುತ್ತಿ ಬಿಚ್ಚಿದೆವು. ಬೆಳಗೊಳ ಅಂತ ಬಾಡು ತಂದಿರಲಿಲ್ಲ. ಬೇರೆಯವರ ನಂಬಿಕೆಯ ಊರಿನಲ್ಲಿ ಅಷ್ಟು ಮರ್ಯಾದೆ ನಾವು ಕೊಡ್ತೀವಿ, ನಮ್ಮ ತಟ್ಟೆಗೂ ಅಷ್ಟೇ ಮರ್ಯಾದೆ ಕೇಳ್ತೀವಿ. ನಮ್ಮ ಮನೆಯಿಂದ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಗೆಳೆಯನ ಮನೆಯಿಂದ ಮುದ್ದೆ, ಹುರುಳಿಕಾಳಿನ ಬಸ್ಸಾರು, ಬಸಿದ ಕಾಳಿಗೆ ಅಣ್ಣೆಸೊಪ್ಪು ಸೇರಿಸಿದ ಪಲ್ಯ. ಅಣ್ಣೆಸೊಪ್ಪನ್ನ ಯಾರೂ ಬಿತ್ತಲ್ಲ, ಹೊಲದಲ್ಲಿ ತಾನೇ ಹುಟ್ಟುತ್ತೆ. ಹುರುಳಿ ಮಳೆ ಕೈಕೊಟ್ಟರೂ ಬರುತ್ತೆ. ಬರಗಾಲದಲ್ಲಿ ನಮ್ಮವರನ್ನ ಉಳಿಸಿದ್ದು ಇಂಥವೇ. ಕಲ್ಲಿನಲ್ಲಿ ಬರೆಯದ ಇತಿಹಾಸ ನಮ್ಮ ಹೆಂಗಸರ ಕೈಯಲ್ಲಿ, ಸಾರಿನ ಮಡಕೆಯಲ್ಲಿ ಉಳಿದಿದೆ.

ಆಗ ಗೆಳೆಯ ಹೇಳಿದ: "ನಿಮ್ಮಜ್ಜಿ ನಮ್ಮ ಕೇರೀಲಿ ನೀರೂ ಕುಡೀತಿರ್ಲಿಲ್ಲ, ಗೊತ್ತಾ?"

ಗೊತ್ತು. ಹಟ್ಟಿಯವರಿಗೆಲ್ಲಾ ಗೊತ್ತು. ಊರವರು ನಮ್ಮ ಲೋಟ ಹೊರಗಿಟ್ಟರು ಅಂತ ಭಾಷಣ ಮಾಡೋ ನಾವು, ನಮ್ಮ ನಮ್ಮ ಕೇರಿಗಳ ನಡುವಿನ ಲೋಟದ ಬಗ್ಗೆ ಮಾತಾಡೋದು ಕಮ್ಮಿ. ಅವನ ಬುತ್ತಿಯ ಮುದ್ದೆ ಮುರಿದು ಬಸ್ಸಾರಿಗೆ ಅದ್ದಿ ನುಂಗಿದೆ. ಖಾರ ಜೋರಾಗಿತ್ತು. ಮಗಳು ಎರಡನೇ ಸಲ ಹಾಕಿಸಿಕೊಂಡಳು.

ಡಿಸೆಂಬರ್ 6 ಕಳೆದ ಮೇಲಿನ ಭಾನುವಾರ ಮತ್ತೆ ಹೋಗೋಣ ಅಂತಿದ್ದೀವಿ. ಎರಡೂ ಕೇರಿಯ ಹುಡುಗ ಹುಡುಗಿಯರು ಬರಲಿ, ಶಾಸನ ಮಗಳು ಓದಿ ಹೇಳ್ತಾಳೆ. ಬುತ್ತಿ ನೀವೇ ತನ್ನಿ. ಬಿಚ್ಚುವಾಗ ಎಲ್ಲಾ ಒಂದೇ ಕಡೆ ಸುರಿಯೋಣ, ಯಾವುದು ಯಾರ ಮನೆಯದು ಅಂತ ಯಾರೂ ಕೇಳಬಾರದು. ಜೈಭೀಮ್.