ಪೀಣ್ಯದ ರಂಗದ ಮೇಲೆ ಅಕ್ಕನ ವಚನ



ಪೀಣ್ಯವೆಂದೊಡನೆ ತಮ್ಮ ಕಣ್ಣಮುಂದೆ ನಿಲ್ಲುವುದು ಲಾರಿಗಳ ಸಾಲು, ಲೇತುಗಳ ಸದ್ದು, ಕಬ್ಬಿಣದ ಚೂರುಗಳ ರಾಶಿ. ಅದು ಸಹಜವೇ. 1970ರ ದಶಕದಲ್ಲಿ ಬೆಂಗಳೂರಿನ ವಾಯವ್ಯ ದಿಕ್ಕಿಗೆ, ತುಮಕೂರು ರಸ್ತೆಯ ಮಗ್ಗುಲಿನಲ್ಲಿ ರೂಪುಗೊಂಡ ಈ ಕೈಗಾರಿಕಾ ವಸಾಹತು ಸಾವಿರಾರು ಸಣ್ಣ ಕಾರ್ಖಾನೆಗಳ ಬೀಡು. ಇಂತಹ ಸ್ಥಳದಲ್ಲಿ ನಾಟಕವುಂಟು, ಅದರಲ್ಲಿಯೂ ಹಾಡುವ ನಾಟಕವುಂಟು ಎಂದರೆ ನಂಬುವವರು ಕಡಿಮೆ. ಆದರೆ ಉಂಟು. ಇಲ್ಲಿಗೆ ದುಡಿಮೆಯನ್ನು ಅರಸಿ ಬಂದವರು ಬರಿಗೈಯಲ್ಲಿ ಬರಲಿಲ್ಲ. ನೆಲಮಂಗಲ, ಮಾಗಡಿ, ಕುಣಿಗಲ್ಲು, ಗುಬ್ಬಿಯ ಕಡೆಯವರು ತಮ್ಮೊಡನೆ 'ಕುರುಕ್ಷೇತ್ರ'ದ ಕಂದಪದ್ಯಗಳನ್ನು ತಂದರು. ಕಲಬುರಗಿ, ರಾಯಚೂರು, ವಿಜಯಪುರದ ಕಡೆಯವರು ಭಜನೆಯನ್ನೂ ವಚನವನ್ನೂ ತಂದರು. ಪಕ್ಕದ ಜಾಲಹಳ್ಳಿಯಲ್ಲಿ 1950ರ ದಶಕದಿಂದಲೇ ಎಚ್.ಎಂ.ಟಿ., ಬಿ.ಇ.ಎಲ್.ಗಳಂತಹ ದೊಡ್ಡ ಕಾರ್ಖಾನೆಗಳಿದ್ದವು. ಬೆಂಗಳೂರಿನ ಅಂತಹ ಕಾರ್ಖಾನೆಗಳ ನೌಕರರು ಕನ್ನಡ ಸಂಘಗಳನ್ನು ಕಟ್ಟಿ ನಾಟಕವಾಡುತ್ತಿದ್ದ ಪದ್ಧತಿ ಸಣ್ಣ ಶೆಡ್ಡುಗಳವರೆಗೂ ಹಬ್ಬಿತು.

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ತಾಮ್ರದ ತಂತಿಯ ಸುರುಳಿ ಸುತ್ತುವ ವಿಭಾಗದಲ್ಲಿ ಕೆಲಸ ಮಾಡುವವಳು. ನಮ್ಮ ಬಡಾವಣೆಯ ಹವ್ಯಾಸಿ ಸಂಘವು ಬಸವ ಜಯಂತಿಗೆಂದು ಕೈಗೊಂಡ ಸಂಗೀತ ನಾಟಕದಲ್ಲಿ ಅಕ್ಕಮಹಾದೇವಿಯ ಪಾತ್ರವನ್ನು ವಹಿಸಿದೆ. ಅದರ ಅನುಭವವನ್ನು ತಮ್ಮ ಮುಂದಿಡುವುದು ಈ ಬರೆಹದ ಉದ್ದೇಶ.

ಮೊದಲು ಹಣದ ಮಾತು. ನಮ್ಮ ಕಡೆಯ ಪೌರಾಣಿಕ ನಾಟಕಗಳ ವ್ಯವಹಾರವು ಹೊರಗಿನವರಿಗೆ ವಿಚಿತ್ರವಾಗಿ ತೋರಬಹುದು. ಪಾತ್ರ ವಹಿಸುವ ಗಂಡಸರು ಸಂಬಳ ಪಡೆಯುವುದಿಲ್ಲ. ತಾವೇ ಹಣ ಕೊಡುತ್ತಾರೆ. ದುರ್ಯೋಧನನ ಪಾತ್ರಕ್ಕೆ ಹೆಚ್ಚು, ಕೃಷ್ಣನಿಗೂ ಹೆಚ್ಚು, ವಿದುರನಿಗೆ ಕಡಿಮೆ. ಆ ಹಣದಿಂದಲೇ ಹಾರ್ಮೋನಿಯಂ ಮೇಷ್ಟ್ರ ಸಂಭಾವನೆ, ಸೀನರಿ, ಉಡುಗೆ, ದೀಪ ಎಲ್ಲವೂ ನಡೆಯಬೇಕು. ಸ್ತ್ರೀಪಾತ್ರಗಳಿಗೆ ಮಾತ್ರ ಹೊರಗಿನಿಂದ ಕಲಾವಿದೆಯರನ್ನು ಹಣ ಕೊಟ್ಟು ಕರೆಸುತ್ತಾರೆ. ಅವರು ಸಂಜೆಯ ಬಸ್ಸಿನಲ್ಲಿ ಬಂದು, ತಾಲೀಮೇ ಇಲ್ಲದೆ, ಯಾವ ಮೇಷ್ಟ್ರಿಗಾದರೂ ಹೊಂದಿಕೊಂಡು ಬೆಳಗಿನವರೆಗೆ ದ್ರೌಪದಿಯಾಗಿಯೋ ರುಕ್ಮಿಣಿಯಾಗಿಯೋ ಹಾಡಿ, ಮೊದಲ ಬಸ್ಸಿಗೆ ಹೊರಟುಬಿಡುತ್ತಾರೆ. ಅವರ ಸಾಮರ್ಥ್ಯ ದೊಡ್ಡದು; ಅವರಿಗೆ ಸಲ್ಲುವ ಗೌರವವಾದರೋ ಅಷ್ಟು ದೊಡ್ಡದಲ್ಲವೆಂದು ಹೇಳದೆ ವಿಧಿಯಿಲ್ಲ.

ಹೀಗಿರುವಾಗ ಬಡಾವಣೆಯ ಹೆಣ್ಣುಮಗಳೊಬ್ಬಳು ತಾನೇ ಪಾತ್ರ ಮಾಡುವೆನೆಂದರೆ ಅವಳನ್ನು ಲೆಕ್ಕದ ಯಾವ ಭಾಗಕ್ಕೆ ಸೇರಿಸುವುದು? ಕೊಡುವವರ ಸಾಲಿಗೋ, ಪಡೆಯುವವರ ಸಾಲಿಗೋ? ನಮ್ಮ ಖಜಾಂಚಿಗಳು ಈ ಪ್ರಶ್ನೆಯನ್ನು ಎರಡು ಸಭೆಗಳಲ್ಲಿ ಗಂಭೀರವಾಗಿ ಚರ್ಚಿಸಿದರು. ಕೊನೆಗೆ ನನ್ನ ಹೆಸರನ್ನು ಎರಡೂ ಕಡೆ ಬರೆಯದೆ ಬಿಟ್ಟರು.

ಮನೆಯಲ್ಲಿನ ಪ್ರಶ್ನೆ ಬೇರೆ. "ಮೈಮೇಲೆ ಲಿಂಗ ಧರಿಸಿದವಳು ಮುಖಕ್ಕೆ ಬಣ್ಣ ಹಚ್ಚಿಕೊಂಡು ನಾಲ್ಕು ಜನರ ಮುಂದೆ ನಿಂತರೆ ಚೆನ್ನಾಗಿರುತ್ತೇನಮ್ಮ?" ಎಂದರು ಅತ್ತೆಯವರು. ಅವರ ಮಾತಿನಲ್ಲಿ ಕೋಪಕ್ಕಿಂತ ಅಂಜಿಕೆ ಹೆಚ್ಚಾಗಿತ್ತು. ಅದಕ್ಕೆ ಉತ್ತರವನ್ನು ನಾನು ಕೊಡಲಿಲ್ಲ. ಗುಬ್ಬಿ ತಾಲ್ಲೂಕಿನವರಾದ ಮಾವನವರು ಕೊಟ್ಟರು. "ಗುಬ್ಬಿ ಕಂಪನಿ ಅಂತೀವಲ್ಲ, ಅದರ ಪೂರ್ತಿ ಹೆಸರೇನು ಹೇಳು ನೋಡೋಣ. ಚನ್ನಬಸವೇಶ್ವರ ನಾಟಕ ಸಂಘ! ದೇವರ ಹೆಸರಿಟ್ಟುಕೊಂಡೇ ಬಣ್ಣ ಹಚ್ಚಿದವರು ಅವರು."

ಮಾವನವರ ಮಾತು ಸತ್ಯ. 1884ರಲ್ಲಿ ಹುಟ್ಟಿದ ಆ ಸಂಘವು ಊರ ದೈವವಾದ ಚನ್ನಬಸವೇಶ್ವರನ ಹೆಸರಿನಲ್ಲಿಯೇ ನಡೆಯಿತು. ಗುಬ್ಬಿ ವೀರಣ್ಣನವರ ಕಾಲಕ್ಕೆ ನಾಡಿನಾದ್ಯಂತ ಕೀರ್ತಿ ಪಡೆಯಿತು. ಬಿ. ಜಯಮ್ಮನವರಂತಹ ಹಾಡುನಟಿಯರು ಅಲ್ಲಿ ಬೆಳಗಿದರು. ಉತ್ತರದಲ್ಲಿ 1914ರಲ್ಲಿ ಜನಿಸಿ 2017ರವರೆಗೆ ಬಾಳಿದ ಏಣಗಿ ಬಾಳಪ್ಪನವರು 'ಜಗಜ್ಯೋತಿ ಬಸವೇಶ್ವರ' ನಾಟಕದಲ್ಲಿ ಬಸವಣ್ಣನಾಗಿ ನಿಂತರೆ ಪ್ರೇಕ್ಷಕರು ಕೈಮುಗಿಯುತ್ತಿದ್ದರೆಂದು ಹಿರಿಯರು ಹೇಳುವುದನ್ನು ತಾವೂ ಕೇಳಿರಬಹುದು. ಗದಗಿನ ವೀರೇಶ್ವರ ಪುಣ್ಯಾಶ್ರಮವಾದರೋ ಅಂಧ ಮಕ್ಕಳ ಅನ್ನ ಮತ್ತು ವಿದ್ಯೆಗಳಿಗಾಗಿ ನಾಟಕ ಸಂಘವನ್ನೇ ನಡೆಸಿತು. ಪುಟ್ಟರಾಜ ಗವಾಯಿಗಳು ಸ್ವತಃ ನಾಟಕಗಳನ್ನು ರಚಿಸಿದರು. ಸಾಣೇಹಳ್ಳಿಯ ಶ್ರೀಮಠದಿಂದ 1997ರಲ್ಲಿ ಹೊರಟ 'ಶಿವಸಂಚಾರ'ವು ಶರಣರ ವಿಚಾರವನ್ನು ನಾಟಕದ ಮೂಲಕ ಊರೂರಿಗೆ ಒಯ್ದಿತು. ಇವನ್ನೆಲ್ಲ ಮಾವನವರು ಒಂದೇ ಉಸಿರಿನಲ್ಲಿ ಹೇಳಿದ ಮೇಲೆ ಅತ್ತೆಯವರು, "ಸರಿ, ರಾತ್ರಿ ತಾಲೀಮಿನಿಂದ ಒಬ್ಬಳೇ ಬರಬೇಡ" ಎಂದಷ್ಟೇ ಅಂದರು.

ಇನ್ನು ತಾಲೀಮು. ನಮ್ಮ ಮೇಷ್ಟ್ರು ತುಮಕೂರಿನ ಕಡೆಯವರು, ನಲವತ್ತು ವರ್ಷ ಪೆಟ್ಟಿಗೆಯ ಮುಂದೆ ಕುಳಿತವರು. ಒಂದು ಶೆಡ್ಡಿನ ಮಹಡಿಯ ಮೇಲೆ, ಎರಡನೆಯ ಪಾಳಿಯ ಯಂತ್ರಗಳು ಕೆಳಗೆ ಓಡುತ್ತಿರುವಾಗಲೇ, ರಾತ್ರಿ ಎಂಟರಿಂದ ಹತ್ತರವರೆಗೆ ಅಭ್ಯಾಸ. ಮೊದಲ ತೊಡಕು ಶ್ರುತಿಯದು. ಗಂಡಸರ ಕಂಠಕ್ಕೆ ಸಾಮಾನ್ಯವಾಗಿ ಒಂದು ಅಥವಾ ಎರಡು ಮನೆಯ ಶ್ರುತಿ ಒಗ್ಗುತ್ತದೆ. ಹೆಣ್ಣಿನ ಕಂಠಕ್ಕೆ ಐದು, ಐದೂವರೆ ಬೇಕು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಕೊನೆಯ ಸಾಲಿನವನಿಗೂ ಕೇಳಿಸಬೇಕೆಂದು ನಟರು ಎತ್ತರದಲ್ಲಿಯೇ ಹಾಡುತ್ತಿದ್ದರು; ಸ್ತ್ರೀಪಾತ್ರವನ್ನು ಬಹುಪಾಲು ಗಂಡಸರೇ ಮಾಡುತ್ತಿದ್ದರು. ಈಗ ಮೈಕು ಬಂದು ಗಂಡಸರ ಶ್ರುತಿ ಇಳಿಯಿತು; ಹೆಣ್ಣು ಬಂದಳು, ಅವಳಿಗೆ ಮಾತ್ರ ಅದೇ ಇಳಿದ ಶ್ರುತಿಯಲ್ಲಿ ಹಾಡೆನ್ನುತ್ತಾರೆ. ಕೆಳಗೆ ಹಾಡಿದರೆ ದನಿ ಗಂಟಲಲ್ಲಿಯೇ ಉಳಿಯುತ್ತದೆ, ಮೇಲೆ ಹಾಡಿದರೆ ಕಿರುಚಿದಂತಾಗುತ್ತದೆ. ನಾನು ನನ್ನ ಹಾಡುಗಳಿಗೆ ಐದು ಮನೆ ಬೇಕೆಂದೆ. ಮೇಷ್ಟ್ರು, "ನಡುವೆ ನಡುವೆ ಶ್ರುತಿ ಬದಲಿಸಿದರೆ ನಾಟಕದ ಓಟ ಕೆಡುತ್ತೆ ಕಣಮ್ಮ" ಎಂದರು. ಎಂಟು ದಿನ ವಾದ ನಡೆಯಿತು. ಒಂಬತ್ತನೆಯ ದಿನ ಏನೂ ಹೇಳದೆ ಐದನೆಯ ಮನೆ ಹಿಡಿದು ನುಡಿಸಿದರು.

ಎರಡನೆಯ ತೊಡಕೇ ನಿಜವಾದ ತೊಡಕು. ರಂಗಗೀತೆಗೆ ಪಲ್ಲವಿ ಬೇಕು, ತಾಳ ಬೇಕು, ಜನ ಕೂಡಿ ಗುನುಗುವಂತಹ ಮಟ್ಟು ಬೇಕು. ವಚನಕ್ಕೆ ಕಟ್ಟಳೆಯ ಛಂದಸ್ಸಿಲ್ಲ. ರಾಗತಾಳಗಳಿಗೆ ಹೊಂದುವ, ಪಲ್ಲವಿಯುಳ್ಳ ಸ್ವರವಚನವೆಂಬ ಪ್ರಕಾರವೇ ಶರಣ ಸಾಹಿತ್ಯದಲ್ಲಿ ಬೇರೆಯಾಗಿ ಉಂಟು. ಮೇಷ್ಟ್ರು ತಮ್ಮ ಪದ್ಧತಿಯಂತೆ ವಚನದ ಮೊದಲ ಸಾಲನ್ನೇ ಪಲ್ಲವಿ ಮಾಡಿ, ಪ್ರತಿ ಎರಡು ಸಾಲಿಗೊಮ್ಮೆ ಅಲ್ಲಿಗೆ ಹಿಂದಿರುಗುವಂತೆ ಮೋಹನದಲ್ಲಿ ಕೂಡಿಸಿದರು. ಕೇಳಲು ಇಂಪಾಗಿಯೇ ಇತ್ತು. ಕಚೇರಿಯಲ್ಲಿ ಮಲ್ಲಿಕಾರ್ಜುನ ಮನ್ಸೂರರೂ ಸಿದ್ಧರಾಮ ಜಂಬಲದಿನ್ನಿಯವರೂ ವಚನ ಹಾಡಿದಾಗ ಮೊದಲ ಸಾಲಿಗೆ ಮರಳಿದರೆ ಅದರ ಸೊಗಸೇ ಬೇರೆ; ಅಲ್ಲಿ ರಾಗವು ಅರಳುತ್ತದೆ. ನಾಟಕದಲ್ಲಾದರೋ ವಚನವು ಒಂದು ಉತ್ತರ. 'ಶೂನ್ಯಸಂಪಾದನೆ'ಯನ್ನು ಓದಿದವರು ಬಲ್ಲರು: ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳು ಒಂದೊಂದೇ ಪ್ರಶ್ನೆಯನ್ನು ಅಕ್ಕನ ಮುಂದಿಡುತ್ತಾರೆ, ಪರೀಕ್ಷಿಸುತ್ತಾರೆ, ಚುಚ್ಚುತ್ತಾರೆ. ಅವಳ ಮಾತು ಸಾಲಿನಿಂದ ಸಾಲಿಗೆ ಏರಿ ಚೆನ್ನಮಲ್ಲಿಕಾರ್ಜುನನ ಅಂಕಿತದಲ್ಲಿ ನಿಲ್ಲಬೇಕು. ಹಾಗೆ ಏರುತ್ತಿರುವವಳನ್ನು ತಾಳಕ್ಕಾಗಿ ಮತ್ತೆ ಮೆಟ್ಟಿಲ ಬುಡಕ್ಕೆ ಕರೆತಂದರೆ ಪ್ರಭುಗಳು ಕೇಳಿದ ಪ್ರಶ್ನೆಯೇ ಮರೆತುಹೋಗುತ್ತದೆ. ಇದನ್ನು ನಾನು ಮೇಷ್ಟ್ರಿಗೆ ನಿವೇದಿಸಿಕೊಂಡೆ. "ಪಲ್ಲವಿ ಇಲ್ಲದಿದ್ದರೆ ಒನ್ಸ್‌ಮೋರ್ ಎಲ್ಲಿಂದ ಬರುತ್ತಮ್ಮ?" ಎಂದರು. ರಂಗಭೂಮಿಯಲ್ಲಿ ತಲೆ ನೆರೆಸಿದವರ ಮಾತನ್ನು ಸುಲಭವಾಗಿ ತಳ್ಳಿಹಾಕಲಾಗದು. ಮೊದಲ ಪ್ರದರ್ಶನಕ್ಕೆ ಪಲ್ಲವಿಯೇ ಉಳಿಯಿತು.

ಪ್ರಸಂಗವಶಾತ್ ಒಂದು ಮಾತು. ರಂಗದ ಮೇಲೆ ಲಿಂಗಪೂಜೆಯ ದೃಶ್ಯವಿತ್ತು. ನನ್ನ ಇಷ್ಟಲಿಂಗವನ್ನು ಪ್ರದರ್ಶನಕ್ಕೆ ಇಡಬಾರದೆಂದು ಹಿರಿಯರೂ ಹೇಳಿದರು, ನನ್ನ ಮನಸ್ಸೂ ಹೇಳಿತು. ಆಗ ಅಲ್ಲಮನ ಪಾತ್ರಧಾರಿ, ವೃತ್ತಿಯಿಂದ ಲೇತ್ ಕೆಲಸಗಾರ, ನೈಲಾನ್ ಸಲಾಕೆಯ ತುಂಡೊಂದನ್ನು ಲೇತಿನ ಮೇಲೆ ಕಡೆದು, ಕಪ್ಪು ಬಣ್ಣ ಬಳಿದು, ಎಡಗೈಯ ಅಂಗೈಯಲ್ಲಿ ಸರಿಯಾಗಿ ಕೂಡುವಂತೆ ಮಾಡಿಕೊಟ್ಟರು. ನನ್ನ ಕರಡಿಗೆ ಉಡುಗೆಯ ಒಳಗೆ ಎದೆಯ ಮೇಲೆಯೇ ಇತ್ತು.

ಬಸವ ಜಯಂತಿಯ ರಾತ್ರಿ ಬಯಲು ತುಂಬಿತ್ತು. ಅಲ್ಲಮನ ಪ್ರಶ್ನೆಗೆ ನಾನು ಹಾಡಿದ ಕೂಡಲೇ ಹಿಂದಿನಿಂದ ಒನ್ಸ್‌ಮೋರ್ ಬಂದಿತು. ಮೇಷ್ಟ್ರ ಮುಖ ಅರಳಿತು. ಎರಡನೆಯ ಸಲ ಹಾಡುತ್ತಿರುವಾಗ ನಮ್ಮ ಕಡೆಯ ವಾಡಿಕೆಯಂತೆ ಒಬ್ಬ ಅಭಿಮಾನಿಗಳು ರಂಗವನ್ನೇರಿ, ಐನೂರು ರೂಪಾಯಿಯ ನೋಟುಗಳನ್ನು ಕಟ್ಟಿದ ಹಾರವನ್ನು ನನ್ನ ಕೊರಳಿಗೆ ಹಾಕಿಬಿಟ್ಟರು. ವಾಚಕರೇ, ಊಹಿಸಿಕೊಳ್ಳಿ. ಅರಮನೆಯನ್ನೂ ಉಟ್ಟ ಬಟ್ಟೆಯನ್ನೂ ತೊರೆದು ಕಲ್ಯಾಣಕ್ಕೆ ನಡೆದು ಬಂದ ಅಕ್ಕನ ಕೊರಳಲ್ಲಿ ನೋಟಿನ ಹಾರ! ದುರ್ಯೋಧನನಿಗೆ ಅದು ಭೂಷಣ. ಅಭಿಮಾನಿಗಳ ಪ್ರೀತಿಯನ್ನು ತಿರಸ್ಕರಿಸುವಂತೆಯೂ ಇಲ್ಲ. ಕೊರಳಿನಿಂದ ಹಾರವನ್ನು ತೆಗೆದು ಏನು ಮಾಡುವುದೆಂದು ಒಂದು ಕ್ಷಣ ನಿಂತೆ. ಆಗ ನಮ್ಮ ಅಲ್ಲಮರು, ಪುಸ್ತಕದಲ್ಲಿಲ್ಲದ ಮಾತನ್ನು, ಪಾತ್ರದ ಗಾಂಭೀರ್ಯ ಕೆಡದಂತೆ ಕೇಳಿದರು: "ತಾಯಿ, ಇದನ್ನೂ ಬಿಟ್ಟು ಬಂದೆಯೋ, ಹೊತ್ತು ಬಂದೆಯೋ?" ನಾನು ಹಾರವನ್ನು ಮಂಟಪದ ಪೀಠದ ಬಳಿ ಇರಿಸಿ ಕೈಮುಗಿದೆ. ಬಯಲು ನಕ್ಕಿತು, ಅನಂತರ ಸ್ತಬ್ಧವಾಯಿತು. ಆ ಹಣ ಸಂಘದ ಲೆಕ್ಕಕ್ಕೆ ಜಮೆಯಾಯಿತು, ಖಜಾಂಚಿಗಳಿಗೆ ಈ ಸಲ ಸಂದೇಹ ಬರಲಿಲ್ಲ.

ನಾಟಕ ಮುಗಿದ ಮೇಲೆ ಬಣ್ಣ ತೆಗೆಯುವಲ್ಲಿಗೆ ಒಬ್ಬ ವೃದ್ಧೆ ಬಂದರು. ಮಗನು ಇಲ್ಲಿಯ ಫೌಂಡ್ರಿಯಲ್ಲಿ ಕೆಲಸಕ್ಕಿದ್ದಾನೆ, ಊರು ವಿಜಯಪುರದ ಕಡೆ ಎಂದರು. ನಾನು ಹಾಡುವಾಗ ಮುಂದಿನ ಸಾಲಿನಲ್ಲಿ ಕುಳಿತು ಇವರ ತುಟಿ ಅಲುಗುತ್ತಿದ್ದುದನ್ನು ಕಂಡಿದ್ದೆ. ನನ್ನ ಗಲ್ಲ ಸವರಿ, "ಛಲೋ ಹಾಡಿದಿ ಯವ್ವಾ. ನಾನೂ ಸಂಗಾಟ ಅನ್ನಕೋತ ಕುಂತಿದ್ದೆ. ಖರೆ ನಾ ಮುಂದ ಹೋಗಿರತಿದ್ದೆ, ನೀ ಹಿಂದ ಹೊಳ್ಳತಿದ್ದಿ. ಯಾಕ ಹಂಗ?" ಎಂದು ಕೇಳಿದರು. ಆಕ್ಷೇಪಣೆಯಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ ಪ್ರಶ್ನೆ. ಓದು ಬಾರದ ಆ ತಾಯಿಗೆ ವಚನಗಳು ಬಾಯಲ್ಲಿದ್ದವು. ಮೇಷ್ಟ್ರು ಪಕ್ಕದಲ್ಲಿಯೇ ಪೆಟ್ಟಿಗೆಗೆ ಬಟ್ಟೆ ಸುತ್ತುತ್ತಿದ್ದರು. ಅವರು ಕೇಳಿಸಿಕೊಂಡರು.

ರಾಜ್ಯೋತ್ಸವಕ್ಕೆ ಅದೇ ನಾಟಕವನ್ನು ಮತ್ತೆ ಆಡುವುದೆಂದು ತೀರ್ಮಾನವಾದಾಗ ಮೇಷ್ಟ್ರು ತಾವಾಗಿಯೇ, "ಮಂಟಪದ ದೃಶ್ಯದಲ್ಲಿ ತಬಲ ಬೇಡ, ನಾನು ಶ್ರುತಿ ಮಾತ್ರ ಹಿಡಿದಿರುತ್ತೇನೆ, ನೀನು ಹೇಳಿಕೊಂಡು ಹೋಗು" ಎಂದರು. ಉಳಿದ ದೃಶ್ಯಗಳಲ್ಲಿ ಅವರ ಕಲ್ಯಾಣಿ, ಕಾಪಿಗಳು ಹಾಗೆಯೇ ಉಳಿದವು. ಕೌಶಿಕನ ಅರಮನೆಯಲ್ಲಿ ಸಖಿಯರ ಹಾಡಿಗೆ ಒನ್ಸ್‌ಮೋರ್ ಬಂದಿತು, ಬರಬೇಕಾದುದೇ. ಮಂಟಪದಲ್ಲಿ ಮಾತ್ರ ವಚನವು ಒಂದೇ ಸಲ, ಹಿಂದಿರುಗದೆ, ಅಂಕಿತದವರೆಗೆ ನಡೆಯಿತು. ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಮೇಲ್ಸೇತುವೆಯ ಮೇಲೆ ಮೆಟ್ರೋ ರೈಲು ಹಾದುಹೋದ ಸದ್ದು ಕೇಳಿಸಿತು, ಅಷ್ಟೇ. ನನಗೆ ಒಂದು ಕ್ಷಣ ಕಾಲು ನಡುಗಿತು. ಅಲ್ಲಮರು ಮುಂದಿನ ಪ್ರಶ್ನೆ ಕೇಳಿದರು, ನಾಟಕ ಸಾಗಿತು. ಅಂದು ರಂಗವನ್ನು ಯಾರೂ ಏರಲಿಲ್ಲ.

ಈಗ ಬಟ್ಟೆ ಕಾರ್ಖಾನೆಯ ಇಬ್ಬರು ಹೆಣ್ಣುಮಕ್ಕಳು ಭಾನುವಾರದ ಮಧ್ಯಾಹ್ನ ಅಭ್ಯಾಸಕ್ಕೆ ಬರುತ್ತಿದ್ದಾರೆ. ಮುಂದಿನ ನಾಟಕದಲ್ಲಿ ನೀಲಾಂಬಿಕೆ, ಗಂಗಾಂಬಿಕೆಯರ ಪಾತ್ರಗಳು ಅವರಿಗೆಂದು ಸಂಘವು ನಿಶ್ಚಯಿಸಿದೆ. ಇಬ್ಬರದೂ ಐದೂವರೆ ಮನೆಯ ಕಂಠ. ಮೇಷ್ಟ್ರು ಗೊಣಗುತ್ತಲೇ ಆ ಮನೆಯ ಮೇಲೆ ಬೆರಳು ಕೂಡಿಸಿಕೊಳ್ಳುತ್ತಿದ್ದಾರೆ.