ಒಂದು ಆಜ್ಞೆ, ಎರಡು ಸಾವು

ಸ್ವಿಚ್ಚು ಒತ್ತಿದ್ದೇ ತಡ, ಹಾರ್ಡ್ ಡಿಸ್ಕ್ ಗರ್ರೆಂದು ತಿರುಗಿತು. ಲಿನಕ್ಸ್ ಕರ್ನಲ್ ಇನ್ನೂ ಹೊಸ್ತಿಲು ದಾಟಿಲ್ಲ, ಆಗಲೇ ಪರದೆಯ ಮೇಲೆ ತಡೆಯಾಜ್ಞೆ: ಬೇಕಿರುವುದು ಐ686, ಸಿಕ್ಕಿರುವುದು ಐ586. ಯಂತ್ರ ಸ್ತಬ್ಧ!

ಒಳಗಿರುವುದು 1997ರ ಪೆಂಟಿಯಂ ಎಂಎಂಎಕ್ಸ್. 1995ರಲ್ಲೇ ಪೆಂಟಿಯಂ ಪ್ರೊ ಕಲಿತಿದ್ದ ಸಿಮೋವ್ ಎಂಬ ಆಜ್ಞೆ ಇದಕ್ಕೆ ಬಾರದು. ವಯಸ್ಸಿನಲ್ಲಿ ಕಿರಿದು, ವಿದ್ಯೆಯಲ್ಲೂ ಕಿರಿದು. ಇಂಟೆಲ್ ಮನೆತನದ ಲೆಕ್ಕವೇ ವಿಚಿತ್ರ.

ಓಡು, 64 ಬಿಟ್ ಲ್ಯಾಪ್‌ಟಾಪಿನತ್ತ! ಆರ್ಕಿಟೆಕ್ಚರ್ ಐ386 ಎಂದು ಕೊಟ್ಟು ಮೆನುಕಾನ್ಫಿಗ್ ತೆರೆ. ಪ್ರೊಸೆಸರ್ ಫ್ಯಾಮಿಲಿಯಲ್ಲಿ ಪೆಂಟಿಯಂ-ಎಂಎಂಎಕ್ಸ್ ಆರಿಸು. ಹೈ ಮೆಮೊರಿ ಆಫ್ ಮಾಡು. ಪಿಎಇಯನ್ನು ಮುಟ್ಟಲೇಬೇಡ, ಈ ಚಿಪ್ಪಿನಲ್ಲಿ ಅದೂ ಇಲ್ಲ. ಸೇವ್, ಮೇಕ್, ಫ್ಯಾನುಗಳ ಭೋರ್ಗರೆತ, ಹೊಸ ಬಿಝಡ್‌ಇಮೇಜ್ ಕೈಗೆ!

ಮತ್ತೆ ಬೂಟ್. ಸಾಲುಗಳು ಸರಸರನೆ ಮೇಲೇರಿದವು. ಮೆಮೊರಿ ಸಿಕ್ಕಿತು, ಪಿಸಿಐ ಸಿಕ್ಕಿತು, ಇನ್ನೇನು ದಡ ಅನ್ನುವಷ್ಟರಲ್ಲಿ ಕರ್ನಲ್ ಪ್ಯಾನಿಕ್! ರೂಟ್ ಫೈಲ್‌ಸಿಸ್ಟಮ್ ಕಾಣುತ್ತಿಲ್ಲ. ಡಿಸ್ಕಿನ ಡ್ರೈವರ್ ಮಾಡ್ಯೂಲ್ ಆಗಿ ಕೂತಿದೆ, ಆ ಮಾಡ್ಯೂಲ್ ಇರುವುದು ಅದೇ ಡಿಸ್ಕಿನಲ್ಲಿ. ಇನಿಟ್‌ರಾಮ್‌ಎಫ್‌ಎಸ್ ಇಲ್ಲದವರ ಪಾಲಿಗೆ ಹಗ್ಗ ಬಾವಿಯೊಳಗೇ ಬಿದ್ದಂತೆ. ಪಿಐಐಎಕ್ಸ್ ಡ್ರೈವರ್, ಎಸ್‌ಸಿಎಸ್‌ಐ ಡಿಸ್ಕ್, ಎಕ್ಸ್ಟ್4, ಮೂರನ್ನೂ ಕರ್ನಲ್ಲಿನೊಳಗೇ ಬೆಸೆದದ್ದಾಯಿತು. ಅಷ್ಟೇ ಸಾಲದು. ಹಳೆಯ ಐಡಿಇ ಡ್ರೈವರುಗಳನ್ನು 2021ರ 5.14ರಲ್ಲಿ ಕಿತ್ತುಹಾಕಿದ್ದಾರೆ, ಬೂಟ್ ಸಾಲಿನ ಎಚ್‌ಡಿಎ1 ಈಗ ಎಸ್‌ಡಿಎ1.

ಮೂರನೇ ಜಿಗಿತ. ರೂಟ್ ಮೌಂಟ್ ಆಯಿತು! ಇನಿಟ್ ಓಡಿತು! ಓಡಿದ ಕ್ಷಣವೇ ಸತ್ತಿತು. ಎಕ್ಸಿಟ್‌ಕೋಡ್ 0x00000004.

ನಾಲ್ಕು ಎಂದರೆ ಸಿಗ್‌ಇಲ್, ಪ್ರೊಸೆಸರಿಗೆ ಅರ್ಥವಾಗದ ಆಜ್ಞೆ. ಮತ್ತದೇ ಸಿಮೋವ್! ಕರ್ನಲ್ ಬಾಗಿಲಲ್ಲೇ ಪ್ರೊಸೆಸರನ್ನು ವಿಚಾರಿಸಿ ನಿಲ್ಲುತ್ತದೆ. ಐ686ಕ್ಕೆಂದು ಕಟ್ಟಿದ ಇನಿಟ್ ಏನನ್ನೂ ಕೇಳದೆ ಪ್ರಪಾತಕ್ಕೆ ಹಾರುತ್ತದೆ. 2017ರ ಡೆಬಿಯನ್ ಸ್ಟ್ರೆಚ್‌ನಿಂದೀಚೆಗೆ ಅದರ 32 ಬಿಟ್ ಪ್ಯಾಕೇಜುಗಳಿಗೆ ಐ686ಕ್ಕಿಂತ ಕೆಳಗಿನ ಚಿಪ್ಪು ಸಾಲದು. ಹಾಗಾಗಿ ಇನಿಟ್ ಆಗಿ ನಿಂತಿರುವ ಬ್ಯುಸಿಬಾಕ್ಸ್ ಒಂದನ್ನೇ ತಿದ್ದಿದರೆ ಆಗದು, ಅದರ ಸಿ ಲೈಬ್ರರಿಯನ್ನೂ ಪೆಂಟಿಯಂಗಾಗಿ ಬುಡದಿಂದ ಕಂಪೈಲ್ ಮಾಡಬೇಕು. ಮಾಡಿ, ಸ್ಟ್ಯಾಟಿಕ್ ಆಗಿ ಕಟ್ಟಿ, ಡಿಸ್ಕಿಗೆ ಹಾಕಿ, ಉಸಿರು ಬಿಗಿಹಿಡಿದು ಎಂಟರ್!

ಪ್ರಾಂಪ್ಟ್ ಬಂತು. ಡಿಮೆಸೆಜ್ ತಿರುವಿದರೆ ಬೂಟಿನ ಓಟದಲ್ಲಿ ಕಣ್ತಪ್ಪಿದ್ದ ಸಾಲೊಂದು: ಎಫ್0 0ಎಫ್ ದೋಷಕ್ಕೆ ತಡೆ ಜಾರಿಯಲ್ಲಿದೆ. 1997ರಲ್ಲಿ ಬಯಲಾದ ಆ ದೋಷದಲ್ಲಿ ಸಾಮಾನ್ಯ ಬಳಕೆದಾರನ ಪುಟ್ಟ ಪ್ರೋಗ್ರಾಮೊಂದು ಇಡೀ ಯಂತ್ರವನ್ನು ಹೆಪ್ಪುಗಟ್ಟಿಸಬಲ್ಲದು. ಫ್ಯಾಮಿಲಿಯಲ್ಲಿ 686 ಆರಿಸಿದ್ದರೆ ಆ ತಡೆಯ ಕೋಡು ಕರ್ನಲ್ಲಿಗೆ ಸೇರುತ್ತಲೇ ಇರಲಿಲ್ಲ.